ಇಲ್ಲ ಅನ್ನದ ಅಂಗಡಿ

ಕತ್ತರಿ ಅಕ್ಕನಿಗೆ ಆ ಹೆಸರಿಟ್ಟವಳು ನಾನೇ. ತಂದೆ ತಾಯಿ ಇಟ್ಟ ಹೆಸರು ಅವಳಿಗೂ ಒಂದಿದೆ, ಆದರೆ ನಮ್ಮ ಬೀದಿಯಲ್ಲಿ ಆ ಹೆಸರು ಹೇಳಿ ಮನೆ ಕೇಳಿದರೆ ಅಂಚೆಯವನೂ ತಲೆ ಕೆರೆದುಕೊಳ್ಳುತ್ತಾನೆ. ಅವಳ ಅಣ್ಣ ಮಾತ್ರ ಅವಳನ್ನು ಪುಟ್ಟಿ ಎನ್ನುತ್ತಿದ್ದರು. ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿಯುವ, ಮುರಿದ ಕನ್ನಡಕದ ಕಾಲಿಗೆ ದಾರ ಸುತ್ತಿಕೊಂಡಿರುವ ವಯಸ್ಸಾದ ಹೆಂಗಸನ್ನು ಪುಟ್ಟಿ ಎಂದು ಕರೆಯುವವರು ಲೋಕದಲ್ಲಿ ಅವರೊಬ್ಬರೇ ಉಳಿದಿದ್ದರು. ಅವರೂ ಕರೆಯುವುದನ್ನು ನಿಲ್ಲಿಸಿಬಿಟ್ಟರು. ಇನ್ನೊಂದೇ ಒಂದು ಸಲ ಅಣ್ಣನ ಬಾಯಿಂದ ಆ ಹೆಸರು ಕೇಳಬೇಕು ಎಂಬ ಆಸೆ ಇಟ್ಟುಕೊಂಡು ಅವಳು ವರ್ಷಗಟ್ಟಲೆ ಕಾದಳು.

ನಾನು ದರ್ಜಿ. ನನ್ನ ಬಾಯಿ ಸ್ವಲ್ಪ ಜೋರು ಎಂದು ಜನ ಹೇಳುತ್ತಾರೆ, ಅವರ ಅಳತೆ ತಪ್ಪಿಲ್ಲ. ನನ್ನ ಅಂಗಡಿ ಅಣ್ಣನ ಕಟ್ಟಡದಲ್ಲೇ ಇದೆ, ಬಾಡಿಗೆಗೆ. ಅವರ ಅಂಗಡಿಗೂ ನನ್ನದಕ್ಕೂ ನಡುವೆ ಒಂದೇ ಗೋಡೆ, ಅದೂ ಎಷ್ಟು ತೆಳುವೆಂದರೆ ಅವರು ಕೆಮ್ಮಿದರೆ ನನ್ನ ಸೂಜಿ ತಪ್ಪುತ್ತದೆ. ಎರಡೂ ಅಂಗಡಿಗೆ ಹಿಂದೆ ಒಂದೊಂದು ಬಾಗಿಲು, ಬಾಗಿಲ ಹೊರಗೆ ಕಿರಿದಾದ ಓಣಿ. ಅಣ್ಣನ ವಾಸ ಅಂಗಡಿಯ ಹಿಂದಿನ ಕೋಣೆಯಲ್ಲಿ, ಅಕ್ಕನದು ಅದರ ಮೇಲಿನ ಕೋಣೆಯಲ್ಲಿ. ಮೇಲಕ್ಕೆ ಹೋಗಲು ಓಣಿಯಿಂದ ಒಂದು ಕಬ್ಬಿಣದ ಮೆಟ್ಟಿಲಿದೆ. ಮೊದಲು ಅದನ್ನು ಯಾರೂ ಬಳಸುತ್ತಿರಲಿಲ್ಲ, ಒಳಗಿನಿಂದಲೇ ಓಡಾಡುತ್ತಿದ್ದರು.

ಅಂಗಡಿ ಅವರ ಅಪ್ಪನ ಕಾಲದ್ದು. ಸೂಜಿ, ಗುಂಡಿ, ಬಲ್ಬು, ಬಕೆಟ್ಟಿನ ಹಿಡಿ, ಇಲಿಬೋನು, ಪೆನ್ಸಿಲ್, ಚಪ್ಪಲಿಯ ಉಂಗುಷ್ಠ, ಏನು ಬೇಕೋ ಕೇಳಿ. ಒಂದೇ ಒಂದು ಗುಂಡಿ ಸಾಕು ಅಂದರೂ ಮುಖ ಗಂಟಿಕ್ಕದೆ ಕೊಡುವ ಅಂಗಡಿ. ಅಲ್ಲಿ ಅಪ್ಪ ಹಾಕಿಕೊಟ್ಟ ಒಂದು ಕಟ್ಟುಪಾಡಿತ್ತು. ಗಿರಾಕಿಗೆ 'ಇಲ್ಲ' ಅನ್ನಬಾರದು. ಕೇಳಿದ ಸಾಮಾನು ಅಂಗಡಿಯಲ್ಲಿ ಇರದಿದ್ದರೆ 'ಬರ್ತಾ ಇದೆ, ಕೂತ್ಕೊಳ್ಳಿ' ಎಂದು ಸ್ಟೂಲು ತೋರಿಸಬೇಕು. ಬರುವುದು ಹೇಗೆ? ಪುಟ್ಟಿಯ ಕಾಲುಗಳ ಮೇಲೆ! ಅಣ್ಣ ಗಲ್ಲಾದ ಕೆಳಗಿನ ಹಲಗೆಯನ್ನು ಕಾಲಿನಿಂದ ಎರಡು ಸಲ ತಟ್ಟುತ್ತಿದ್ದರು. ಒಳಗೆ ಕಿವಿಗೊಟ್ಟು ಕೂತಿದ್ದ ಅವಳು ಹಿಂಬಾಗಿಲಿನಿಂದ ಹಾರಿ, ಓಣಿ ದಾಟಿ, ಸಗಟು ಅಂಗಡಿಗೆ ಓಡಿ, ಸಾಮಾನು ತಂದು ಅದೇ ಬಾಗಿಲಿನಿಂದ ಒಳಬಂದು ಅಣ್ಣನ ಬೆನ್ನ ಹಿಂದೆ ಚಾಚಿದ ಕೈಗೆ ಇಡುತ್ತಿದ್ದಳು. ಅಷ್ಟು ಹೊತ್ತು ಅಣ್ಣ ಗಿರಾಕಿಯನ್ನು ಮಾತಿನಲ್ಲಿ ಕಟ್ಟಿಹಾಕಿರುತ್ತಿದ್ದರು. ಸಾಮಾನು ಹೊರಗಿನಿಂದ ಬಂತೆಂದು ಬಂದವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಮದುವೆಯಾಗಿ ಹೋದವಳು ಗಂಡ ತೀರಿಕೊಂಡ ಮೇಲೆ ಒಂದು ಚೀಲ ಹಿಡಿದು ವಾಪಸ್ಸು ಬಂದಳು. ಅಣ್ಣ ಹಿಂದೆ ಮುಂದೆ ಏನೂ ಕೇಳಲಿಲ್ಲವಂತೆ. ಹಿಂಬಾಗಿಲು ತೆರೆದು, 'ಬಾ ಪುಟ್ಟಿ, ಕಪ್ಪು ದಾರ ಮುಗಿದಿದೆ, ಓಡು' ಅಂದರಂತೆ. ಅಳುತ್ತಾ ಬಂದವಳು ಅಳುತ್ತಲೇ ಓಡಿದೆ ಎಂದು ಅವಳು ಈ ಕಥೆಯನ್ನು ನನಗೆ ನೂರು ಸಲ ಹೇಳಿದ್ದಾಳೆ. ಅತ್ತಿಗೆ ಮೊದಲೇ ಹೋಗಿಬಿಟ್ಟಿದ್ದರು, ಮಕ್ಕಳಿರಲಿಲ್ಲ. ಅಣ್ಣ ತಂಗಿ ಇಬ್ಬರೇ, ಜೊತೆಗೆ ಅಂಗಡಿ.

ಆಮೇಲೆ ಓಣಿಯ ಆಚೆ ಬದಿಗೆ, ಹಳೇ ಗೋದಾಮು ಇದ್ದ ಜಾಗದಲ್ಲಿ ಆ ದೊಡ್ಡ ಅಂಗಡಿ ಬಂತು. ಊರೂರಿಗೂ ಇಂಥದೊಂದನ್ನು ತೆರೆದಿರುವ ಕಂಪನಿಯದು. ಎಲ್ಲ ಊರಲ್ಲೂ ಬೋರ್ಡು ಒಂದೇ, ಬಣ್ಣ ಒಂದೇ, ಒಳಗೆ ಯಾವುದನ್ನು ಎತ್ತಿಕೊಂಡರೂ ಬೆಲೆಯೂ ಒಂದೇ. ನಮ್ಮ ಬಾಯಲ್ಲಿ ಅದರ ಹೆಸರು 'ಒಂದೇ ಬೆಲೆ' ಎಂದೇ ಆಯಿತು. ನಮ್ಮ ಬೀದಿಯವರೇನು ಸಾಹುಕಾರರಲ್ಲ. ಬಟ್ಟೆ ಕಾರ್ಖಾನೆಗೆ, ಆಸ್ಪತ್ರೆಯ ನೆಲ ಒರೆಸಲು, ಲಾರಿಗೆ ಮೂಟೆ ತುಂಬಲು ಹೋಗುವ ಜನ. ಕಿಟಕಿಗೆ ಪರದೆ, ಮಗುವಿಗೆ ಬಣ್ಣದ ನೀರಿನ ಬಾಟಲಿ, ಮೇಜಿನ ಮೇಲೊಂದು ಪ್ಲಾಸ್ಟಿಕ್ ಹೂಕುಂಡ, ಇವೆಲ್ಲ ತಮ್ಮ ಕೈಗೂ ಎಟಕುತ್ತವೆ ಎಂದು ಅವರಿಗೆ ಗೊತ್ತಾದದ್ದೇ ಅಲ್ಲಿ. ಬೆಲೆ ಕೇಳಿ, ಮುಖ ಸಣ್ಣದು ಮಾಡಿಕೊಂಡು, ಎತ್ತಿದ್ದನ್ನು ವಾಪಸ್ಸು ಇಡುವ ಅವಮಾನ ಅಲ್ಲಿ ಇರಲಿಲ್ಲ. ಅದನ್ನು ಹಗುರವಾಗಿ ಮಾತಾಡುವವರು ಆ ಅವಮಾನ ಉಂಡವರಲ್ಲ. ನಾನೂ ಹೋದೆ, ಬಾಗಿಲು ತೆರೆದ ದಿನವೇ ಹೋದೆ.

ಅಣ್ಣ ಸುಮ್ಮನೆ ಸೋಲುವ ಆಸಾಮಿಯಲ್ಲ. 'ಒಂದೇ ಬೆಲೆ'ಯಿಂದ ಒಂದು ಸೋಪು ತರಿಸಿ, ತಮ್ಮ ಸೋಪಿನ ಜೊತೆ ತಕ್ಕಡಿಯಲ್ಲಿಟ್ಟು, ಅವರದ್ದು ಮೇಲೆ ಏಳುವುದನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. ಅವರ ಪೊಟ್ಟಣದಲ್ಲಿ ಹನ್ನೆರಡು ಗುಂಡಿ ಇರುತ್ತವೆ, ಅಂಗಿಯಿಂದ ಉದುರುವುದು ಒಂದೇ ಅಲ್ಲವಾ ಎಂದು ವಾದಿಸುತ್ತಿದ್ದರು. ಜನ ಹೌದು ಹೌದು ಎಂದು ತಲೆಯಾಡಿಸಿ, ಅವರ ಕಣ್ಣಿಗೆ ಬೀಳಬಾರದೆಂದು ಓಣಿ ಬಳಸಿ ಅಲ್ಲಿಗೇ ಹೋಗುತ್ತಿದ್ದರು. ಕೊನೆಕೊನೆಗೆ ಅವರು ನೊಣ ಹೊಡೆಯುತ್ತಾ ಕೂತರು. ಒಂದು ಸಂಜೆ ಶಟರ್ ಎಳೆದವರು ಮಾರನೇ ದಿನ ಎತ್ತಲಿಲ್ಲ. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು.

ನನ್ನ ಬಾಡಿಗೆಯಲ್ಲಿ ಇಬ್ಬರ ಹೊಟ್ಟೆ ತುಂಬುವುದಿಲ್ಲ. ಅಕ್ಕ ಕೆಲಸ ಹುಡುಕಿದಳು. ಕಾರ್ಖಾನೆಯವರು ವಯಸ್ಸು ಕೇಳಿ ಕಳಿಸಿದರು, ಆಸ್ಪತ್ರೆಯವರು ಮಂಡಿ ನೋಡಿ ಕಳಿಸಿದರು. ಕೆಲಸ ಕೊಟ್ಟದ್ದು 'ಒಂದೇ ಬೆಲೆ'ಯವರು ಮಾತ್ರ. ಅವಳು ಅಣ್ಣನಿಗೆ ಹೇಳಿಯೇ ಹೋದಳು. ಮನೆ ನಡೆಯಬೇಕಲ್ಲ ಅಂದಳಂತೆ, ಅಣ್ಣ ಗೋಡೆ ನೋಡುತ್ತಾ ಕೂತಿದ್ದರಂತೆ. ಮೊದಲ ದಿನ ಕೆಲಸ ಮುಗಿಸಿ, ಕಂಪನಿಯ ಹಳದಿ ಏಪ್ರನ್ ಮಡಚಿ ಕಂಕುಳಲ್ಲಿಟ್ಟುಕೊಂಡು ಓಣಿಗೆ ಬಂದವಳು ಹಿಂಬಾಗಿಲು ತಳ್ಳಿದಳು. ಒಳಗಿನಿಂದ ಚಿಲಕ ಹಾಕಿತ್ತು. ತಟ್ಟಿದಳು, ಕರೆದಳು, ತೆರೆಯಲಿಲ್ಲ. ನಾನೇ ಕೈಹಿಡಿದು ಕಬ್ಬಿಣದ ಮೆಟ್ಟಿಲಿನಿಂದ ಮೇಲಕ್ಕೆ ಹತ್ತಿಸಿದೆ.

ಅದಾದ ಕೆಲವು ದಿನಕ್ಕೆ ಕಂಪನಿಯವನೊಬ್ಬ ಅವಳ ವಿಳಾಸ ಖಾತ್ರಿ ಮಾಡಿಕೊಳ್ಳಲು ಬಂದ. ಶಟರ್ ಬಡಿದು, ಹೆಸರು ಹೇಳಿ, ಇಲ್ಲಿದ್ದಾರಾ ಎಂದು ಕೇಳಿದ.

"ಆ ಹೆಸರಿನವರು ಇಲ್ಲಿ ಯಾರೂ ಇಲ್ಲ" ಎಂದರು ಅಣ್ಣ ಒಳಗಿನಿಂದ.

ಅವರ ಬಾಯಿಂದ 'ಇಲ್ಲ' ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಅಕ್ಕ ನನ್ನ ಅಂಗಡಿಯಲ್ಲೇ ಕೂತಿದ್ದಳು, ಅವಳೂ ಕೇಳಿಸಿಕೊಂಡಳು. ಎದ್ದು ಹೋಗಿ ಆ ಮನುಷ್ಯನಿಗೆ ತಾನೇ ಅವಳೆಂದು ಹೇಳಿ ಸಹಿ ಹಾಕಿದಳು.

'ಒಂದೇ ಬೆಲೆ'ಯಲ್ಲಿ ಅವಳಿಗೆ ಕೊಟ್ಟ ಕೆಲಸ ಕತ್ತರಿಸುವುದು. ನಂಬುವುದು ಕಷ್ಟ, ಆದರೆ ಇದ್ದದ್ದೇ ಹಾಗೆ. ಅಂಚು ಕೊಳೆಯಾದ ಕಂಬಳಿ, ಗಿರಾಕಿ ವಾಪಸ್ಸು ತಂದ ಸ್ವೆಟರ್, ಜಿಪ್ಪು ಕಚ್ಚಿಕೊಂಡ ಶಾಲೆ ಚೀಲ, ಕಾಲ ಮುಗಿದು ಉಳಿದ ಟೋಪಿ, ಇಂಥದ್ದನ್ನೆಲ್ಲ ಮಾರುವಂತಿಲ್ಲ, ಹಾಗೇ ಎಸೆಯುವಂತೆಯೂ ಇಲ್ಲ. ಬಿಟ್ಟಿ ಸಿಗುತ್ತದೆ ಅಂದರೆ ಯಾರು ಕೊಳ್ಳುತ್ತಾರೆ ಎಂಬುದು ಕಂಪನಿಯ ಲೆಕ್ಕಾಚಾರ. ಅದಕ್ಕೇ ಎಲ್ಲವನ್ನೂ ಕತ್ತರಿಸಿ, ಮುರಿದು, ಯಾರಿಗೂ ಬಾರದ ಹಾಗೆ ಮಾಡಿ ಓಣಿಯ ತೊಟ್ಟಿಗೆ ಹಾಕಬೇಕು. ತಲೆಯ ಮೇಲೊಂದು ಕ್ಯಾಮೆರಾ. ಮೊದಲ ಕಂಬಳಿಯ ಮೇಲೆ ಕತ್ತರಿ ಇಡುವಾಗ ಕೈ ಬರಲಿಲ್ಲ ಎಂದು ನನ್ನ ಹತ್ತಿರ ಬಂದು ಗೋಳಾಡಿದಳು. ಹೊಸ ಕಂಬಳಿ ಕಣೇ, ಬರೀ ಒಂದು ಕಲೆ ಇದೆ ಅಂದಳು. ನಾನು ರೇಗಿದೆ. ಕತ್ತರಿಸಲೇಬೇಕು ಅಂದರೆ ಹೊಲಿಗೆ ಮೇಲೆ ಕತ್ತರಿಸು, ಮಧ್ಯಕ್ಕೆ ಯಾಕೆ ಕೈ ಹಾಕುತ್ತೀಯ ಅಂದೆ. ಬೇಸರಕ್ಕೆ ಆಡಿದ ಮಾತದು.

ಅವಳು ಅದನ್ನೇ ಹಿಡಿದುಕೊಂಡಳು. ಚೀಲವಾದರೆ ಪಟ್ಟಿಯ ಬುಡದ ಹೊಲಿಗೆ ಬಿಚ್ಚುವ ಹಾಗೆ, ಸ್ವೆಟರ್ ಆದರೆ ತೋಳಿನ ಸಂದಿನಲ್ಲಿ, ಕಂಬಳಿಯಾದರೆ ಎರಡು ಪದರ ಕೂಡುವ ಅಂಚಿನಲ್ಲೇ ಅವಳ ಕತ್ತರಿ ಓಡುತ್ತಿತ್ತು. ನೋಡುವವರಿಗೆ ಸಾಮಾನು ಚಿಂದಿಯಾದ ಹಾಗೆ ಕಾಣಬೇಕು, ಬಟ್ಟೆಗೆ ಮಾತ್ರ ಗಾಯವಾಗಬಾರದು. ಮ್ಯಾನೇಜರ್ ಹುಡುಗಿ ಒಮ್ಮೆ ಪಕ್ಕದಲ್ಲೇ ನಿಂತು ಎಲ್ಲ ನೋಡಿ, ಕ್ಯಾಮೆರಾಗೆ ಕತ್ತರಿ ಕಂಡರೆ ಸಾಕು ಎಂದಷ್ಟೇ ಹೇಳಿ ಹೋದಳಂತೆ. ಪುಣ್ಯಾತ್ಗಿತ್ತಿ. ಸಂಜೆಯಾದರೆ ತೊಟ್ಟಿಯ ಸುತ್ತ ನಮ್ಮ ಬೀದಿಯ ಹೆಂಗಸರು, ಅಲ್ಲಿಂದ ನೇರ ನನ್ನ ಹಿಂಬಾಗಿಲಿಗೆ. ಒಂದು ಗೆರೆ ಹೊಲಿಗೆ ಹಾಕಿದರೆ ಕಂಬಳಿ ಕಂಬಳಿಯೇ. ನಮ್ಮ ಬೀದಿಯಲ್ಲಿ ಚಳಿಗಾಲ ಕಳೆದ ಮಕ್ಕಳೆಲ್ಲ ಅವಳ ಕತ್ತರಿ ಮತ್ತು ನನ್ನ ದಾರದ ಋಣದಲ್ಲಿದ್ದಾರೆ. ಆಗಲೇ ನಾನು ಅವಳಿಗೆ ಕತ್ತರಿ ಅಕ್ಕ ಎಂದು ಹೆಸರಿಟ್ಟದ್ದು.

ಆದರೆ ಅವಳ ಜೀವ ಇದ್ದದ್ದು ಆ ಚಿಲಕದಲ್ಲಿ. ದಿನಾ ಕೆಲಸ ಮುಗಿಸಿ ಬಂದಾಗ ಹಿಂಬಾಗಿಲನ್ನು ಅಂಗೈಯಿಂದ ಒಂದು ಸಲ ಮೆಲ್ಲಗೆ ಒತ್ತಿ ನೋಡುತ್ತಿದ್ದಳು. ತಟ್ಟುತ್ತಿರಲಿಲ್ಲ, ಬರೀ ಒತ್ತುವುದು. ಆಮೇಲೆ ಕಬ್ಬಿಣದ ಮೆಟ್ಟಿಲಿನ ಸದ್ದು. ಗೋಡೆಯಾಚೆ ಅಣ್ಣ ತಾವೇ ಅನ್ನ ಬೇಯಿಸಿಕೊಳ್ಳುತ್ತಿದ್ದರು, ತಾವೇ ಬಟ್ಟೆ ಒಗೆದುಕೊಳ್ಳುತ್ತಿದ್ದರು. ಅವಳು ಇಳಿಯುವ ಹೊತ್ತಿಗೆ ಇವರು ಒಳಗೆ, ಇವರು ಹೊರಗೆ ಬರುವ ಹೊತ್ತಿಗೆ ಅವಳು ಕೆಲಸದಲ್ಲಿ. ಒಂದೇ ಸೂರಿನ ಕೆಳಗಿದ್ದು ಮುಖಕ್ಕೆ ಮುಖ ಕೊಡದೆ ಬದುಕುವುದು ಎಷ್ಟು ಕಷ್ಟದ ಕೆಲಸ ಎಂದು ನಾನು ಆ ಮನೆ ನೋಡಿ ಕಲಿತೆ.

ಒಂದು ಚಳಿಗಾಲ ಅಣ್ಣನ ಕೆಮ್ಮು ಜಾಸ್ತಿಯಾಯಿತು. ಅಕ್ಕ ಒಂದು ದಪ್ಪ ಕಂಬಳಿಯನ್ನು, ತೊಟ್ಟಿಗೆ ಬೀಳುವ ಮೊದಲೇ ನನ್ನ ಕೈಗೆ ದಾಟಿಸಿದಳು. ಅದರ ಲೇಬಲ್ಲನ್ನು ತಾನೇ ಕಿತ್ತಿದ್ದಳು. ನೀನು ಕೊಟ್ಟ ಹಾಗೆ ಕೊಡು, ಆ ಅಂಗಡಿಯದು ಅಂತ ಗೊತ್ತಾದರೆ ಬೀದಿಗೆ ಎಸೆಯುತ್ತಾನೆ ಅಂದಳು. ನಾನು ಹೊಲಿದು, ಗಿರಾಕಿಯೊಬ್ಬರು ಬಿಟ್ಟು ಹೋದದ್ದು ಎಂದು ಸುಳ್ಳು ಹೇಳಿ ಅಣ್ಣನಿಗೆ ಕೊಟ್ಟೆ. ವಾಪಸ್ಸು ಬಂದಾಗ ಅವಳು ನನ್ನ ಮಿಷನ್ನಿನ ಹಿಂದೆ ಮುದುರಿ ಕೂತಿದ್ದಳು.

"ಏನಾದ್ರೂ ಅಂದ್ನಾ?"

ಏನೂ ಅನ್ನಲಿಲ್ಲ ಎಂದೆ. ಆಮೇಲೆ ಸ್ವೆಟರ್ ಕೊಟ್ಟೆ, ಕಾಲುಚೀಲ ಕೊಟ್ಟೆ, ಕಿವಿ ಮುಚ್ಚುವ ಟೋಪಿ ಕೊಟ್ಟೆ. ಅವರು ಪ್ರತಿ ಸಲವೂ ಉಳಿದಿದ್ದ ಹಳೇ ಸರಕಿನಿಂದ ನನಗೆ ಒಂದು ಹಿಡಿ ಗುಂಡಿ ಕೊಡುತ್ತಿದ್ದರು, ಬಿಟ್ಟಿ ತೆಗೆದುಕೊಳ್ಳುವ ಜಾಯಮಾನ ಅವರದಲ್ಲ. ಆ ಗುಂಡಿಗಳನ್ನು ಅಕ್ಕ ನನ್ನಿಂದ ಇಸಿದುಕೊಂಡು ಮೇಲೆ ಒಯ್ಯುತ್ತಿದ್ದಳು. ಪ್ರತಿ ಸಲವೂ ಅದೇ ಪ್ರಶ್ನೆ ಕೇಳುತ್ತಿದ್ದಳು.

ಒಂದು ದಿನ ಎರಡನೇ ಕಂಬಳಿ ಒಯ್ದೆ. ಅಣ್ಣ ಅದನ್ನು ಮಡಿಲಲ್ಲಿ ಹರಡಿಕೊಂಡು, ಹೆಬ್ಬೆರಳಿನಿಂದ ಅಂಚಿನ ಉದ್ದಕ್ಕೂ ಸವರುತ್ತಾ ಹೋದರು. ಬದುಕಿಡೀ ಸಾಮಾನು ಮುಟ್ಟಿ ನೋಡಿದ ಬೆರಳು ಅದು. ಸಿಕ್ಕಿಬಿದ್ದೆ ಅಂದುಕೊಂಡೆ.

"ಹೊಲಿಗೆ ಮೇಲೇ ಕತ್ತರಿಸಿದ್ದಾರೆ, ಬಟ್ಟೆಗೆ ಒಂದು ಚೂರೂ ತಾಗಿಲ್ಲ" ಎಂದರು. ಕಂಬಳಿ ಮಡಚುತ್ತಾ, "ಕತ್ತರಿಸಿದವರ ಕೈ ಒಳ್ಳೇದು" ಎಂದರು.

ನಾನು ಓಡಿ ಬಂದು ಅಕ್ಕನಿಗೆ ಹೇಳಿದೆ. ಅವಳು ಅದನ್ನು ಮತ್ತೆ ಮತ್ತೆ ಹೇಳಿಸಿದಳು, ಅವನ ದನಿ ಹೇಗಿತ್ತು, ಬಾಗಿಲ ಕಡೆ ನೋಡಿದನಾ, ಕಣ್ಣು ಹೇಗಿತ್ತು ಎಂದು ಕೆದಕಿ ಕೆದಕಿ ಕೇಳಿದಳು. ಆಮೇಲೆ ಏಪ್ರನ್‌ನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವನಿಗೆ ಎಲ್ಲ ಗೊತ್ತಿದೆ, ಇವತ್ತಲ್ಲ ನಾಳೆ ಬಾಗಿಲು ತೆಗೆಯುತ್ತಾನೆ ಎಂದಳು. ನನಗೂ ಹಾಗೇ ಅನ್ನಿಸಿತ್ತು.

ಆ ನಡುವೆ ಅಣ್ಣ ನನ್ನನ್ನು, ನಿಮ್ಮಮ್ಮ ಹೇಗಿದ್ದಾರೆ ಎಂದು ಕೇಳತೊಡಗಿದರು. ನನ್ನಮ್ಮ ಹೋಗಿ ಎಷ್ಟೋ ಕಾಲವಾಗಿತ್ತು, ಹೆಣ ಎತ್ತುವಾಗ ಅವರೇ ಹೆಗಲು ಕೊಟ್ಟಿದ್ದರು. ಬೆಳಿಗ್ಗೆ ಗುಂಡಿ ಕೊಟ್ಟದ್ದು ಮರೆತು ಮಧ್ಯಾಹ್ನ ಮತ್ತೆ ಕೊಡಲು ಬರುತ್ತಿದ್ದರು. ವಯಸ್ಸಾಯಿತಲ್ಲ, ಒಂಟಿ ಜೀವ, ಅರಳು ಮರಳು ಎಂದುಕೊಂಡು ನಾನು ಅದನ್ನು ಅಕ್ಕನ ಕಿವಿಗೆ ಹಾಕಲಿಲ್ಲ. ಅವಳಾಗಲೇ ಆ ಒಂದು ಮಾತಿನ ಮೇಲೆ ಮನೆ ಕಟ್ಟುತ್ತಿದ್ದಳು.

ಹಾಗಿರುವಾಗ 'ಒಂದೇ ಬೆಲೆ' ಮುಚ್ಚುತ್ತದೆ ಎಂಬ ಸುದ್ದಿ ಬಂತು. ಮೇಲಿನವರು ಎಲ್ಲೋ ಕೂತು ನಮ್ಮ ಶಾಖೆಯಲ್ಲಿ ಲಾಭ ಸಾಲದು ಎಂದು ತೀರ್ಮಾನಿಸಿದ್ದರಂತೆ. ಮ್ಯಾನೇಜರ್ ಹುಡುಗಿಗೇ ಅದು ಫೋನಿನಲ್ಲಿ ಗೊತ್ತಾದದ್ದು. ನನಗೆ ಮೈ ಉರಿಯಿತು. ಇದ್ದ ಅಂಗಡಿಗಳನ್ನೆಲ್ಲ ನುಂಗಿ ನೀರು ಕುಡಿದು, ಈಗ ಹೊಟ್ಟೆ ತುಂಬಲಿಲ್ಲ ಎಂದು ಎದ್ದು ಹೋಗುವುದು ಯಾವ ನ್ಯಾಯ? ಒಂದು ಸೂಜಿಗೂ ಬಸ್ಸು ಹತ್ತಬೇಕಾದ ಸ್ಥಿತಿಗೆ ನಮ್ಮನ್ನು ತಂದಿಟ್ಟರು. ತಂದಿಟ್ಟವರು ಅವರೊಬ್ಬರೇ ಅಲ್ಲ ಬಿಡಿ, ಓಣಿ ಬಳಸಿ ಹೋದ ಕಾಲುಗಳೆಲ್ಲ ನಮ್ಮವೇ. ಕೊನೆಯ ವಾರ ಜನ ಮುಗಿಬಿದ್ದು ಕಪಾಟು ಖಾಲಿ ಮಾಡಿದರು. ಯಾರೋ ಒಬ್ಬಳು ಬೆಲೆ ಅಂಟಿಸಿದ್ದ ಬೋರ್ಡನ್ನೂ ಹೊತ್ತುಕೊಂಡು ಹೋದಳು.

ಅಕ್ಕನಿಗೆ ದೂರದ ಇನ್ನೊಂದು ಶಾಖೆಯಲ್ಲಿ ಕೆಲಸ ಕೊಡುತ್ತೇವೆ ಅಂದರು. ಅವಳು ಬೇಡ ಅಂದಳು. ಊಟಕ್ಕೇನು ಮಾಡುತ್ತೀಯ ಎಂದು ನಾನು ರೇಗಿದರೆ ಅವಳು ನಗುತ್ತಿದ್ದಳು. ಆ ಮುಖದಲ್ಲಿ ಅಂಥ ನಗು ನೋಡಿ ಯಾವ ಕಾಲವಾಗಿತ್ತೋ.

"ಆ ಅಂಗಡಿನೇ ಹೋಯ್ತಲ್ಲ ಕಣೇ. ಇನ್ನು ಅಣ್ಣನಿಗೆ ನನ್ ಮೇಲೆ ಏನಿರತ್ತೆ ಹೇಳು? ನಮ್ಮ ಅಂಗಡಿ ಮತ್ತೆ ತೆಗೀತೀವಿ. ಅವನು ಮುಂದೆ ಕೂತ್ಕೊಂಡ್ರೆ ಹಿಂದೆ ನಾನಿದೀನಲ್ಲ."

ಮಂಡಿಗೆ ಎಣ್ಣೆ ಹಚ್ಚಿಕೋ ಹಾಗಾದರೆ, ಓಡಬೇಕಲ್ಲ ಎಂದು ನಾನೂ ತಮಾಷೆ ಮಾಡಿದೆ. ಕೊನೆಯ ದಿನ ಮಾರುವಂತಿಲ್ಲದೆ ಉಳಿದ ಸರಕನ್ನೆಲ್ಲ ಅವಳು ಹೊಲಿಗೆಯ ಮೇಲೇ ಕತ್ತರಿಸಿ ತೊಟ್ಟಿ ತುಂಬಿದಳು. ಏಪ್ರನ್ ವಾಪಸ್ಸು ಕೊಟ್ಟು ಬಂದಳು. ಹಿಂಬಾಗಿಲನ್ನು ಅಂಗೈಯಿಂದ ಒತ್ತಿ ನೋಡಿದಳು. ಚಿಲಕ ಇತ್ತು. ನಾಳೆ ನೋಡೋಣ ಎಂದು ಮೇಲೆ ಹೋದಳು.

ಮಾರನೇ ಬೆಳಿಗ್ಗೆ ನಾನು ಅಂಗಡಿಯ ಮುಂದೆ ಗುಡಿಸುತ್ತಿದ್ದೆ. ಪಕ್ಕದಲ್ಲಿ ಶಟರ್ ಎದ್ದ ಸದ್ದು. ತುಕ್ಕು ಹಿಡಿದ ಶಟರ್ ಕಿರುಚುತ್ತಾ, ಅಲ್ಲಲ್ಲಿ ಸಿಕ್ಕಿಕೊಳ್ಳುತ್ತಾ ಎದ್ದಿತು. ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಗಲ್ಲಾ ಒರೆಸುತ್ತಿದ್ದರು. ಬೀದಿಯವರೆಲ್ಲ ಕೆಲಸ ಬಿಟ್ಟು ನೋಡುತ್ತಾ ನಿಂತರು. ನಾನು ಪೊರಕೆ ಬಿಸಾಕಿ ಅಕ್ಕನನ್ನು ಕರೆಯಲು ಓಣಿಗೆ ಓಡಿದೆ.

ಅವಳು ಆಗಲೇ ಮೆಟ್ಟಿಲಿಳಿದು ನಿಂತಿದ್ದಳು. ಹಿಂಬಾಗಿಲು ಹಾರುಹೊಡೆದಿತ್ತು. ಅಷ್ಟು ವರ್ಷ ಒತ್ತಿ ಒತ್ತಿ ನೋಡಿದ ಬಾಗಿಲು ತಾನಾಗಿ ತೆರೆದುಕೊಂಡಾಗ ಅವಳಿಗೆ ಒಳಗೆ ಕಾಲಿಡಲು ಧೈರ್ಯವಾಗಲಿಲ್ಲ. ಕಳ್ಳಿಯ ಹಾಗೆ ನುಗ್ಗಲ್ಲ, ಮುಂದಿನಿಂದ ಹೋಗಿ ಎದುರು ನಿಲ್ಲುತ್ತೇನೆ, ಅವನೇ ಒಳಗೆ ಕರೆಯಲಿ ಅಂದಳು. ತಲೆ ಸರಿಮಾಡಿಕೊಂಡಳು, ನನ್ನ ಕೈ ಹಿಡಿದುಕೊಂಡಳು. ಇಬ್ಬರೂ ಸುತ್ತಿ ಬಂದು ಅಂಗಡಿಯ ಮುಂದೆ ನಿಂತೆವು.

ಅಣ್ಣ ತಲೆಯೆತ್ತಿ ಅವಳ ಮುಖವನ್ನೇ ನೋಡಿದರು. ನೋಡಿ ನಕ್ಕರು.

"ಬನ್ನಿ ಅಮ್ಮಾ, ಏನ್ ಕೊಡ್ಲಿ?"

ಅಕ್ಕನೂ ನಕ್ಕಳು. ತಮಾಷೆ ಮಾಡುತ್ತಿದ್ದಾನೆ, ಸಿಟ್ಟನ್ನು ಹೀಗೆ ತೀರಿಸಿಕೊಳ್ಳುತ್ತಿದ್ದಾನೆ ಅಂದುಕೊಂಡಳು. ನಾನೂ ಹಾಗೇ ಅಂದುಕೊಂಡೆ. ಅಣ್ಣ ಮಾತ್ರ ಉತ್ತರಕ್ಕೆ ಕಾಯುತ್ತಾ, ಗಿರಾಕಿಯನ್ನು ನೋಡುವ ಹಾಗೆ ಮರ್ಯಾದೆಯಿಂದ ನೋಡುತ್ತಲೇ ಇದ್ದರು. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ, ತಮಾಷೆಯೂ ಇರಲಿಲ್ಲ. ನನ್ನ ಕೈ ಹಿಡಿದಿದ್ದವಳು ಕೈ ಬಿಟ್ಟಳು.

"ಕಪ್ಪು ದಾರ" ಎಂದಳು ಕೊನೆಗೆ. ಬಾಯಿಗೆ ಬೇರೇನೂ ಬರಲಿಲ್ಲವೇನೋ.

ಅಣ್ಣ ತಿರುಗಿ, ಮೂಲೆಯ ಕಪಾಟಿನ ಮೇಲಿನ ಅರೆಗೆ ಕೈ ಹಾಕಿದರು. ದಾರ ಇರುತ್ತಿದ್ದ ಜಾಗ ಅದೇ. ಅರೆ ಖಾಲಿ, ಎಲ್ಲ ಅರೆಗಳೂ ಖಾಲಿ. ಅವರು ಗಾಬರಿಯಾಗಲಿಲ್ಲ. ಗಲ್ಲಾದ ಹಿಂದೆ ಬಂದು ಕೂತು, ಸ್ಟೂಲು ತೋರಿಸಿದರು.

"ಬರ್ತಾ ಇದೆ ಅಮ್ಮಾ, ಕೂತ್ಕೊಳ್ಳಿ. ನಮ್ಮ ಪುಟ್ಟಿ ತರ್ತಾಳೆ. ಒಂದೇ ನಿಮಿಷ."

ಗಲ್ಲಾದ ಕೆಳಗೆ ಹಲಗೆ ಎರಡು ಸಲ ಸದ್ದು ಮಾಡಿತು.

ಅವಳು ಸ್ಟೂಲಿನ ಮೇಲೆ ಕೂತಳು. ಅಷ್ಟು ವರ್ಷ ಕಾದ ಹೆಸರು ಅವಳ ಕಿವಿಗೆ ಬಿದ್ದಿತ್ತು, ಆದರೆ ಕರೆದದ್ದು ಅವಳನ್ನಲ್ಲ. ಅಣ್ಣ ಅದೂ ಇದೂ ಮಾತಾಡಿಸತೊಡಗಿದರು, ಯಾವ ಬೀದಿ ಅಮ್ಮಾ ನಿಮ್ಮದು, ಮಕ್ಕಳೆಷ್ಟು ಎಂದು ಕೇಳಿದರು. ನಡುವೆ ಬೆನ್ನ ಹಿಂದೆ ಕೈ ಚಾಚಿ ಬೆರಳು ಆಡಿಸುತ್ತಿದ್ದರು. ಅಕ್ಕ ಥಟ್ಟನೆ ಎದ್ದಳು. ನನ್ನ ಅಂಗಡಿಗೆ ನುಗ್ಗಿ, ಮಿಷನ್ನಿನ ಮೇಲಿದ್ದ ಕಪ್ಪು ದಾರದ ಉಂಡೆ ಕಿತ್ತುಕೊಂಡು, ನನ್ನ ಹಿಂಬಾಗಿಲಿನಿಂದ ಓಣಿಗೆ ಹಾರಿದಳು. ಆ ಮಂಡಿಯಲ್ಲಿ ಅವಳು ಓಡಿದ್ದನ್ನು ನಾನು ಕಣ್ಣಾರೆ ಕಂಡೆ. ಹಾರುಹೊಡೆದಿದ್ದ ಆ ಬಾಗಿಲಿನಿಂದ ಒಳನುಗ್ಗಿ, ಏದುಸಿರು ಬಿಡುತ್ತಾ, ಅಣ್ಣನ ಬೆನ್ನ ಹಿಂದೆ ಚಾಚಿದ್ದ ಅಂಗೈಯಲ್ಲಿ ದಾರ ಇಟ್ಟಳು.

ಅವರ ಬೆರಳುಗಳು ದಾರದ ಮೇಲೆ ಮುಚ್ಚಿಕೊಂಡವು. ಒಂದು ಗಳಿಗೆ, ಒಂದೇ ಒಂದು ಗಳಿಗೆ, ಎಲ್ಲ ಸರಿಹೋಯಿತು ಎಂದು ನನಗೆ ಅನ್ನಿಸಿತು. ಆಮೇಲೆ ಅವರು ತಿರುಗಿ ನೋಡಿದರು.

"ಒಳಗೆ ಯಾಕೆ ಬಂದ್ರಿ ಅಮ್ಮಾ?" ಎಂದರು. ಗದರಲಿಲ್ಲ, ಮೆಲ್ಲಗೆ ಕೇಳಿದರು. "ಗಿರಾಕಿಗಳು ಮುಂದಿನಿಂದ ಬರ್ಬೇಕು. ಆ ಬಾಗಿಲು ನನ್ನ ತಂಗಿದು. ಪಾಪ, ಓಡಿ ಬರ್ತಿರ್ತಾಳೆ, ದಾರಿಗೆ ಅಡ್ಡ ಆಗ್ಬೇಡಿ."

ಅಕ್ಕ ತಪ್ಪಾಯಿತು ಎಂದಳು. ಬಂದ ಬಾಗಿಲಿನಿಂದಲೇ ಹೊರಗೆ ಹೋದಳು. ಓಣಿಯಲ್ಲಿ ಆ ತೊಟ್ಟಿಗೆ ಒರಗಿಕೊಂಡು ನಿಂತವಳನ್ನು ನಾನು ಹೋಗಿ ಅಪ್ಪಿಕೊಂಡೆ. ಅವಳು ಅಳಲಿಲ್ಲ. ನನ್ನನ್ನ ಎಷ್ಟು ನೆನಪಿಟ್ಕೊಂಡಿದಾನೆ ನೋಡೇ ಎಂದಳು. ಅಳು ತಡೆಯಲಾಗದೆ ಹೋದದ್ದು ನನಗೆ.

ಡಾಕ್ಟರಿಗೆ ತೋರಿಸಿದ್ದಾಯಿತು. ಹತ್ತಿರದ್ದು ಅಳಿಸಿಹೋಗುತ್ತದೆ, ದೂರದ್ದು ಉಳಿಯುತ್ತದೆ, ವಾಪಸ್ಸು ಬರುವ ದಾರಿ ಕಾಣೆ ಅಂದರು. ಸಿಟ್ಟು ಹತ್ತಿರದ್ದು, ಅದು ಹೋಯಿತು. ಅದರ ಜೊತೆ ವಯಸ್ಸಾದ ಈ ತಂಗಿಯೂ ಹೋದಳು. ಅವರ ಪುಟ್ಟಿಗೆ ಮಂಡಿ ನೋವಿಲ್ಲ, ಕನ್ನಡಕವಿಲ್ಲ. ಅವಳು ಇನ್ನೂ ಓಡುತ್ತಾಳೆ.

ಈಗ ನಮ್ಮ ಬೀದಿಯಲ್ಲಿ ಸಾಮಾನಿನ ಅಂಗಡಿ ಎಂದು ಇರುವುದು ಅದೊಂದೇ, ಅದರಲ್ಲಿ ಸಾಮಾನಿಲ್ಲ. ಅಣ್ಣ ದಿನಾ ಶಟರ್ ಎತ್ತುತ್ತಾರೆ. ಆವತ್ತು ಓಣಿ ಬಳಸಿ ಹೋದ ಹೆಂಗಸರು ಇವತ್ತು ಮುಂಬಾಗಿಲಿಗೆ ಬಂದು, ಸೂಜಿ ಇದೆಯಾ, ಬಲ್ಬು ಇದೆಯಾ ಎಂದು ಕೇಳಿ, ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತು ಹೋಗುತ್ತಾರೆ. ಬುದ್ಧಿ ತಡವಾಗಿ ಬರುವುದು ನಮ್ಮ ಜನಕ್ಕೆ ಹೊಸದಲ್ಲ. ಅಕ್ಕ ನನ್ನ ಅಂಗಡಿಯಲ್ಲಿ ಗುಂಡಿ ಹಾಕುವ ಕೆಲಸ ಮಾಡುತ್ತಾಳೆ. ಅಣ್ಣನ ಅಡುಗೆಯನ್ನು ಅವಳೇ ಮಾಡಿ, ಪಕ್ಕದ ಮನೆಯವಳು ಎಂದು ಹೇಳಿಕೊಂಡು, ಮುಂದಿನಿಂದಲೇ ಕೊಟ್ಟು ಬರುತ್ತಾಳೆ. ಅವರು ಒಮ್ಮೊಮ್ಮೆ ತುತ್ತು ಕೈಯಲ್ಲಿ ಹಿಡಿದು, ಪುಟ್ಟಿಗೂ ಸ್ವಲ್ಪ ಎತ್ತಿಡಿ ಅಮ್ಮಾ, ಹಸಿದು ಬರ್ತಾಳೆ ಅನ್ನುತ್ತಾರೆ. ಎತ್ತಿಟ್ಟಿದ್ದೀನಿ ಎಂದು ಇವಳು ಹೇಳುತ್ತಾಳೆ.

ಸಂಜೆ ಅವರು ಶಟರ್ ಎಳೆದು ಬೀಗ ಹಾಕುತ್ತಾರೆ, ಹಿಂಬಾಗಿಲನ್ನು ಮಾತ್ರ ತೆರೆದೇ ಬಿಡುತ್ತಾರೆ. ತಂಗಿ ಇನ್ನೂ ಬಂದಿಲ್ಲವಲ್ಲ. ಓಣಿಯಿಂದ ಚಳಿಗಾಳಿ ನೇರ ಒಳಗೆ ನುಗ್ಗುತ್ತದೆ, ಗೋಡೆಯಾಚೆ ಕೆಮ್ಮು ಶುರುವಾಗುತ್ತದೆ. ಆಗ ಅಕ್ಕ ಮಂಡಿ ಹಿಡಿದುಕೊಂಡು ಕಬ್ಬಿಣದ ಮೆಟ್ಟಿಲಿಳಿದು ಬಂದು, ಸದ್ದಾಗದ ಹಾಗೆ ಆ ಬಾಗಿಲನ್ನು ಹೊರಗಿನಿಂದ ಎಳೆದು ಮುಚ್ಚಿ ಹೋಗುತ್ತಾಳೆ.